ಎರಡನೆಯ ತಿಪ್ಪೇಸ್ವಾಮಿ

ಹೋದ ವಾರ ನಮ್ಮ ಮನೆಯ ಗ್ಯಾಸ್ ಪೈಪು ಬದಲಾಯಿಸಲು ಒಬ್ಬರು ಬಂದಿದ್ದರು. ಹಳೆಯದನ್ನು ಬಿಚ್ಚಿಟ್ಟು, ಪ್ಲಾಸ್ಟಿಕ್ ಕವರಿನಿಂದ ಹೊಸದನ್ನು ಹೊರಗೆಳೆದರು. ಕಿತ್ತಳೆ ಬಣ್ಣದ ರಬ್ಬರು, ಮೈಗೆಲ್ಲ ತೆಳುವಾಗಿ ಬಿಳಿ ಪುಡಿ. ಹೊಸ ರಬ್ಬರಿನ ಆ ವಾಸನೆ ಅಡುಗೆಮನೆ ತುಂಬಿತು. "ಸ್ವಲ್ಪ ಲೈಟ್ ಹಾಕಿ ಮೇಡಂ, ಕಾಣ್ತಿಲ್ಲ" ಎಂದರು ಅವರು. ನನ್ನ ಕೈ ಸ್ವಿಚ್ಚಿನವರೆಗೆ ಹೋಗಿ ಅಲ್ಲೇ ನಿಂತಿತು. ಮೊದಲು ಕಿಟಕಿ ತೆರೆದೆ, ಮೂಸಿ ನೋಡಿದೆ, ಆಮೇಲೆ ದೀಪ ಹಾಕಿದೆ. ಆತ ನನ್ನನ್ನು ವಿಚಿತ್ರವಾಗಿ ನೋಡಿದರು. ವರ್ಷಗಳಾದವು, ಈ ಅಭ್ಯಾಸ ಹೋಗಿಲ್ಲ. ಅಂದು ಸಂಜೆಯೆಲ್ಲ ಆಪಾ ನೆನಪಾಗುತ್ತಲೇ ಇದ್ದರು...

ಆಪಾ ಎಂದರೆ ಅಕ್ಕ. ಚಿತ್ರದುರ್ಗದಲ್ಲಿ ನಾನು ಕೆಲಸಕ್ಕಿದ್ದ ಅಂಗಡಿಯ ಮಾಲೀಕರಿಗೆ ಅವರು ಸ್ವಂತ ಅಕ್ಕ. ಮಾಲೀಕರು ಹಾಗೆ ಕರೆಯುತ್ತಿದ್ದರು ಎಂದು ನಾವೂ ಹಾಗೇ ಕರೆಯುತ್ತಿದ್ದೆವು. ಗಿರಾಕಿಗಳು, ಹಮಾಲರು, ಎದುರಿನ ಬೇಕರಿಯವರು, ಎಲ್ಲರ ಬಾಯಲ್ಲೂ ಅವರು ಆಪಾ. ಸ್ಟೋವ್, ಮಿಕ್ಸಿ, ಕುಕ್ಕರು, ಫ್ಯಾನು ಮಾರುವ ಅಂಗಡಿ ಅದು. ದೊಡ್ಡದು ದುರ್ಗದಲ್ಲಿ, ಶಾಖೆಗಳು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ. ನಾನು ಬಿ.ಕಾಂ. ಮುಗಿಸಿ ತುರುವನೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಲೆಕ್ಕಪತ್ರದ ಕೆಲಸವೆಂದು ಸೇರಿಸಿಕೊಂಡರು, ಕೂರಿಸಿದ್ದು ಆಪಾ ಪಕ್ಕದ ಕುರ್ಚಿಯಲ್ಲಿ.

ಮೊದಲ ದಿನ ಹೆಸರು ಹೇಳಿದೆ. "ಆ ಹೆಸರಿನೋಳು ಒಬ್ಬಳು ಆಗ್ಲೇ ಗೋಡೌನಲ್ಲಿ ಅವಳೆ. ನೀನು ತುರುವನೂರು" ಎಂದರು. ಕೊನೆಯವರೆಗೂ ಅವರಿಗೆ ನಾನು ತುರುವನೂರೇ.

ಆಪಾ ದಾವಣಗೆರೆಯಲ್ಲಿ ಕಂಪ್ಯೂಟರ್ ಓದಿದವರು. ಮದುವೆಯಾಗಿ ಹೋಗಿ, ವಾಪಸ್ ಬಂದಿದ್ದರು. ಅದರ ಬಗ್ಗೆ ಅಂಗಡಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಅವರೂ ಎತ್ತುತ್ತಿರಲಿಲ್ಲ. ಬಿಲ್ಲು ಹಾಕುವ ಪ್ರೋಗ್ರಾಂ ಅವರೇ ಬರೆದದ್ದು. ಮೊದಲು ದುರ್ಗದ ಅಂಗಡಿಗೆಂದು ಬರೆದರಂತೆ. ಒಂದೊಂದೇ ಶಾಖೆ ತೆರೆದಾಗ ಅದನ್ನೇ ನಕಲು ಮಾಡಿ ಅಲ್ಲಿನ ಕಂಪ್ಯೂಟರಿಗೆ ಹಾಕಿ ಬಂದರು. ಹೀಗಾಗಿ ನಾಲ್ಕು ಊರಿಗೆ ನಾಲ್ಕು ಡೇಟಾಬೇಸ್. ಒಳಗಿನ ರಚನೆ ಮಾತ್ರ ತದ್ರೂಪು. ಅವೇ ಟೇಬಲ್ಲುಗಳು, ಅವೇ ಹೆಸರು, ಅದೇ ಅನುಕ್ರಮ. ರಾತ್ರಿ ಶಾಖೆಗಳು ಬಾಗಿಲು ಹಾಕಿದ ಮೇಲೆ ಅವುಗಳ ಪ್ರತಿ ಇಂಟರ್ನೆಟ್ಟಿನಲ್ಲಿ ದುರ್ಗಕ್ಕೆ ಬರುತ್ತಿತ್ತು. ಬೆಳಿಗ್ಗೆ ಆಪಾ ಕಂಪ್ಯೂಟರಿನಲ್ಲಿ ನಾಲ್ಕೂ ಅಕ್ಕಪಕ್ಕ ಕೂತಿರುತ್ತಿದ್ದವು.

"ಒಂದೇ ನಕ್ಷೆ ಇಟ್ಕಂಡು ನಾಲ್ಕು ಊರಲ್ಲಿ ಮನೆ ಕಟ್ಟಿದಂಗೆ" ಎಂದು ನನಗೆ ವಿವರಿಸಿದ್ದರು. "ಕಂಪ್ಯೂಟರಿಗೆ ಕೇಳೋ ಪ್ರಶ್ನೆ ಒಂದ್ಸಲ ಬರಿ. ಅದನ್ನೇ ನಾಲ್ಕು ಸಲ ಹಾಕು. ಊರಿನ ಹೆಸರು ಮಾತ್ರ ಬದಲಾಯ್ಸು. ಮಧ್ಯೆ ಯೂನಿಯನ್ ಅಂತ ಕೊಂಡಿ ಹಾಕು. ನಾಲ್ಕು ಮನೆ ಉತ್ತರ ಒಂದೇ ತಟ್ಟೇಲಿ ಬರ್ತದೆ."

ಯಾವ ಕುಕ್ಕರು ಎಲ್ಲಿ ಹೆಚ್ಚು ಹೋಗುತ್ತಿದೆ, ಯಾವ ಫ್ಯಾನು ವಾಪಸ್ ಬರುತ್ತಿದೆ, ಹಬ್ಬದ ರಿಯಾಯಿತಿಯ ಮೆಸೇಜು ಯಾರ‍್ಯಾರಿಗೆ ಹೋಗಬೇಕು, ಎಲ್ಲವನ್ನೂ ಅವರು ಹೀಗೇ ಕೇಳಿ ತಿಳಿಯುತ್ತಿದ್ದರು. ನಾನೂ ಕಲಿತೆ. ಆ ಕೆಲಸ ನನಗೆ ಇಷ್ಟವಾಗಿತ್ತು. ನಾಲ್ಕು ಊರು ಒಂದೇ ಪರದೆಯ ಮೇಲೆ, ಒಂದರ ಕೆಳಗೊಂದು...

ಆ ವರ್ಷ ಯುಗಾದಿ ಮುಗಿದು ಸ್ವಲ್ಪ ದಿನವಾಗಿತ್ತು. ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಹೊಸದುರ್ಗದ ಶಾಖೆಯಿಂದ ಫೋನ್ ಬಂತು. ಅಲ್ಲಿ ನಮ್ಮಿಂದ ಗ್ಯಾಸ್ ಪೈಪು ಕೊಂಡಿದ್ದ ಮನೆಯೊಂದರಲ್ಲಿ ಬೆಂಕಿ ಹತ್ತಿಕೊಂಡಿತ್ತು. ಹೆಂಗಸಿನ ಮೊಣಕೈವರೆಗೆ ಸುಟ್ಟಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಗಂಡ ಉಳಿದ ಪೈಪಿನ ತುಂಡನ್ನು ತಂದು ಕೌಂಟರಿನ ಮೇಲೆ ಹಾಕಿದ್ದರಂತೆ. ಆಪಾ ನಮ್ಮ ಗೋಡೌನಿನಲ್ಲಿ ಉಳಿದಿದ್ದ ಅದೇ ಕಂತೆಯ ಪೈಪೊಂದನ್ನು ತರಿಸಿ, ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರು. ತುದಿಯಿಂದ ಸ್ವಲ್ಪ ಕೆಳಗೆ, ರೆಗ್ಯುಲೇಟರಿಗೆ ಸಿಕ್ಕಿಸುವ ಜಾಗದಲ್ಲಿ, ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟವು. ಇನ್ನೊಂದನ್ನು ತರಿಸಿದರು. ಅದೂ ಹಾಗೇ.

ಆ ಕಂತೆ ಹೊಸ ಸಪ್ಲೈಯರಿನಿಂದ ಬಂದದ್ದು. ಯುಗಾದಿಗೆ ಮೊದಲು ನಾಲ್ಕು ಅಂಗಡಿಗೂ ಹಂಚಿದ್ದೆವು.

ಮಾಲೀಕರು ಬಾಗಿಲು ಅರ್ಧ ಮುಚ್ಚಿದರು. "ಆಪಾ, ಮಾಲು ವಾಪಸ್ ಕಳ್ಸಾಣ. ಆದ್ರೆ ಎಲ್ರಿಗೂ ಫೋನ್ ಮಾಡಿ ಹೇಳಿದ್ರೆ ಅಂಗ್ಡಿ ಹೆಸರು ಏನಾಗ್ಬೇಕು? ನಲವತ್ತು ವರ್ಷ ನಮ್ಮ ಅಬ್ಬಾ ಕಷ್ಟಪಟ್ಟಿದ್ದು."

"ಅಂಗ್ಡಿ ಹೆಸರು ಆಮೇಲೆ ತೊಳ್ಕಳಾಣ. ಮಧ್ಯಾಹ್ನ ಅಡುಗೆಗೆ ಒಲೆ ಹಚ್ತಾರೆ ಜನ. ಸರಿ, ಬಾಗ್ಲು ಬಿಡು, ಗಾಳಿ ಬರ್ಲಿ."

ಆ ಕಂತೆಗೆ ಬಿಲ್ಲಿನಲ್ಲಿ ಬೇರೆ ಕೋಡ್ ಇತ್ತು, ಅದೊಂದು ಅದೃಷ್ಟ. ಆಪಾ ನಿಂತುಕೊಂಡೇ ಪ್ರಶ್ನೆ ಬರೆದರು. ಈ ಕೋಡಿನ ಪೈಪು ಯಾರಿಗೆ ಹೋಗಿದೆ, ಯಾವ ದಿನ, ಯಾವ ಊರಿನವರು, ಫೋನ್ ನಂಬರ್ ಏನು. ನಾಲ್ಕು ಡೇಟಾಬೇಸಿಗೆ ನಾಲ್ಕು ಸಲ, ಮಧ್ಯೆ ಕೊಂಡಿ. ಹೆಸರುಗಳು ಸರಸರನೆ ಇಳಿದವು. ಪ್ರಿಂಟ್ ತೆಗೆದು ಅರ್ಧ ನನಗೆ ಕೊಟ್ಟರು, ಅರ್ಧ ಅವರು ಇಟ್ಟುಕೊಂಡರು.

ಫೋನು ಎತ್ತಿದವರಲ್ಲಿ ಅರ್ಧ ಜನ ಅಂಗಡಿಯ ಹೆಸರು ಕೇಳಿದ ಕೂಡಲೇ ಇಡುತ್ತಿದ್ದರು. "ಆಫರ್ ಗೀಫರ್ ಏನೂ ಬ್ಯಾಡ, ಇಡಮ್ಮ" ಎಂದು ಒಬ್ಬರು ನನ್ನನ್ನು ಗದರಿದರು. ಆಪಾ ನನ್ನ ಕೈಯಿಂದ ಫೋನು ಕಸಿದುಕೊಂಡು ಮತ್ತೆ ಅದೇ ನಂಬರಿಗೆ ಮಾಡಿ, "ಯಜಮಾನ್ರೇ, ಆಫರ್ ಅಲ್ಲ, ಬೆಂಕಿ" ಎಂದರು. ಆಮೇಲೆ ನಾನೂ ಬೆಂಕಿ ಎಂಬ ಮಾತಿನಿಂದಲೇ ಶುರುಮಾಡಿದೆ. ಸಿಲಿಂಡರ್ ಆಫ್ ಮಾಡ್ರಿ, ಪೈಪು ಬಿಚ್ರಿ, ಹತ್ತಿರದ ಅಂಗಡಿಗೆ ತಂದು ಕೊಟ್ಟು ಬೇರೆಯದು ಒಯ್ಯಿರಿ, ದುಡ್ಡು ಬೇಡ. ಇದನ್ನೇ ಹೇಳಿ ಹೇಳಿ ನಾಲಿಗೆ ಒಣಗಿತು. ಫೋನು ಎತ್ತದವರ ಮನೆಗೆ ಆಯಾ ಶಾಖೆಯವರೇ ಬೈಕಿನಲ್ಲಿ ಹೋದರು.

ನನ್ನ ಪಾಲಿನ ಹಾಳೆಯಲ್ಲಿ ಒಂದು ಸಾಲಿಗೆ ಫೋನ್ ನಂಬರ್ ಇರಲಿಲ್ಲ. ಹೆಸರು ತಿಪ್ಪೇಸ್ವಾಮಿ, ಊರಿನ ಜಾಗದಲ್ಲಿ ಲೋಕಲ್, ಯುಗಾದಿಯ ಹಿಂದಿನ ದಿನದ ಬಿಲ್ಲು. ಶಾಖೆಗಳಿಗೆ ಒಂದೊಂದಾಗಿ ಫೋನ್ ಮಾಡಿ ಕೇಳತೊಡಗಿದೆ. ಮೊದಲು ಸಿಕ್ಕಿದ್ದೇ ಹಿರಿಯೂರು. "ಗೊತ್ತು ಗೊತ್ತು, ನಮ್ಮ ಹಿಂದಿನ ಬೀದಿಯೋರೇ. ಆಗ್ಲೇ ಪೈಪ್ ತಂದು ಕೊಟ್ರು" ಎಂದರು ಅಲ್ಲಿನ ಕೌಂಟರಿನವರು. ಆ ಸಾಲನ್ನೂ ಹೊಡೆದು ಹಾಕಿದೆವು. ಮೂರು ಗಂಟೆಯ ಹೊತ್ತಿಗೆ ಹೊಡೆಯದ ಸಾಲು ಒಂದೂ ಉಳಿದಿರಲಿಲ್ಲ. ಮಾಲೀಕರು ಎಲ್ಲರಿಗೂ ಚಹಾ, ಎದುರಿನ ಬೇಕರಿಯಿಂದ ಬಿಸಿ ಪಫ್ಸು ತರಿಸಿದರು. ಬೆಳಗಿನಿಂದ ಮೊದಲ ಸಲ ಯಾರೋ ನಕ್ಕರು.

ಆಪಾ ಮಾತ್ರ ಚಹಾ ಮುಟ್ಟಲಿಲ್ಲ. ಕಂತೆಯಲ್ಲಿ ಬಂದ ಪೈಪುಗಳೆಷ್ಟು, ನಾಲ್ಕು ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದೆಷ್ಟು ಎಂದು ಕೂಡಿಸಿ ಕಳೆಯುತ್ತಿದ್ದರು. ಮಾರಾಟವಾದ ಪೈಪುಗಳಿಗಿಂತ ಪಟ್ಟಿಯಲ್ಲಿ ಒಂದು ಮನೆ ಕಡಿಮೆ.

"ಯಾರೋ ಬಿಲ್ ಹಾಕ್ದೆ ಕೊಟ್ಟಿರ್ತಾರೆ ಬಿಡು ಆಪಾ" ಎಂದರು ಮಾಲೀಕರು. "ಇಲ್ಲಾ ಇಲಿ ತಿಂದಿರ್ತದೆ."

"ಇಲಿ ರಬ್ಬರ್ ತಿಂದು ಏನ್ ಗ್ಯಾಸ್ ಹಚ್ಕಂತದಾ?"

ಆಪಾ ತಾವೇ ಬರೆದ ಪ್ರಶ್ನೆಯನ್ನು ಪರದೆಯ ಮೇಲೆ ನೋಡುತ್ತ ಕೂತರು. ಅಂಗಡಿಯ ಮುಂದೆ ಬಸ್ಸುಗಳು ಹೋಗುತ್ತಿದ್ದವು, ಬರುತ್ತಿದ್ದವು. ಇದ್ದಕ್ಕಿದ್ದಂತೆ ಅಂಗೈಯಿಂದ ಹಣೆ ಚಚ್ಚಿಕೊಂಡರು.

"ಲೇ ತುರುವನೂರು, ನಾನು ಒಬ್ಬರನ್ನ ನುಂಗಿಬಿಟ್ಟೆ ಕಣೆ."

ನಾವು ಉಪಯೋಗಿಸುತ್ತಿದ್ದ ಕೊಂಡಿಗೆ ಒಂದು ಗುಣವಿತ್ತು. ಎರಡು ಸಾಲುಗಳು ಅಕ್ಷರ ತಪ್ಪದೆ ಒಂದೇ ಥರ ಇದ್ದರೆ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತಿತ್ತು. ಹಬ್ಬದ ಮೆಸೇಜು ಕಳಿಸುವಾಗ ಅದು ಉಪಕಾರವೇ ಆಗಿತ್ತು, ಒಬ್ಬರಿಗೇ ಎರಡು ಸಲ ಹೋಗುತ್ತಿರಲಿಲ್ಲ. ಎಲ್ಲ ಸಾಲುಗಳನ್ನೂ ಉಳಿಸುವ ಇನ್ನೊಂದು ಕೊಂಡಿಯೂ ಇದೆ, ಕೊನೆಯಲ್ಲಿ ಆಲ್ ಎಂದು ಸೇರಿಸಿದರಾಯಿತು. ಅವತ್ತಿನ ಗಡಿಬಿಡಿಯಲ್ಲಿ ಬೆರಳು ರೂಢಿಯದ್ದನ್ನೇ ಬರೆದಿತ್ತು. ಹಾಗಾದರೂ ಊರು ಬೇರೆಯಿದ್ದರೆ ಸಾಲು ಬೇರೆಯಾಗಬೇಕಲ್ಲವೇ? ಆಗುತ್ತಿರಲಿಲ್ಲ. ಯಾವ ಅಂಗಡಿಯ ಬಿಲ್ಲು ಎಂಬುದು ನಮ್ಮ ಯಾವ ಟೇಬಲ್ಲಿನಲ್ಲೂ ಇರಲಿಲ್ಲ. ಹೊಳಲ್ಕೆರೆಯ ಡೇಟಾಬೇಸಿನಲ್ಲಿ ಇದ್ದದ್ದೆಲ್ಲ ಹೊಳಲ್ಕೆರೆಯದೇ, ಅದನ್ನು ಮತ್ತೆ ಒಳಗೆ ಬರೆದಿಡಬೇಕೆಂದು ಪ್ರೋಗ್ರಾಂ ಬರೆದ ಕಾಲದಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾಲ್ಕನ್ನೂ ಒಂದೇ ತಟ್ಟೆಗೆ ಸುರಿದ ಕೂಡಲೇ ಎಲ್ಲರೂ ಊರು ಕಳೆದುಕೊಳ್ಳುತ್ತಿದ್ದರು.

ಆಪಾ ಪ್ರಶ್ನೆ ತಿದ್ದಿದರು. ಪ್ರತಿ ಸಾಲಿನ ಮುಂದೆ ಊರಿನ ಹೆಸರು ಬರುವಂತೆ, ಯಾವುದನ್ನೂ ಬಿಡದಂತೆ. ಈ ಸಲ ತಿಪ್ಪೇಸ್ವಾಮಿಗಳು ಇಬ್ಬರು ಬಂದರು. ಒಬ್ಬರ ಮುಂದೆ ಹಿರಿಯೂರು, ಇನ್ನೊಬ್ಬರ ಮುಂದೆ ಹೊಳಲ್ಕೆರೆ. ಮಿಕ್ಕದ್ದೆಲ್ಲ ಅದೇ. ಅದೇ ದಿನ, ಅದೇ ಲೋಕಲ್, ಫೋನಿನ ಜಾಗ ಖಾಲಿ.

ಹೊಳಲ್ಕೆರೆಯ ಕೌಂಟರಿನಲ್ಲಿದ್ದವರು ಐವತ್ತು ದಾಟಿದ ಹಳೆಯ ಆಳು. ಆಪಾ ಸ್ಪೀಕರ್ ಹಾಕಿ ಮಾತಾಡಿದರು.

"ಯಾರಣ್ಣ ಈ ತಿಪ್ಪೇಸ್ವಾಮಿ?"

"ಯಾರೂ ಅಲ್ಲ ಆಪಾ. ಹೆಸ್ರು ಹೇಳ್ದೇ ಇದ್ರೆ ತಿಪ್ಪೇಸ್ವಾಮಿ ಅಂತ ಹಾಕದು ಮಾಮೂಲಿ ಅಲ್ವಾ? ಜಾಗ ಖಾಲಿ ಬಿಟ್ರೆ ನಿಮ್ಮ ಪ್ರೋಗ್ರಾಂ ಬಿಲ್ ಕೊಡಲ್ಲ. ನಮ್ಮ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ ಇದ್ದೇ ಇರ್ತಾನೆ, ಸುಳ್ಳಾಗಲ್ಲ ಅಂತ... ಹಬ್ಬದ ರಶ್ಶು ಬೇರೆ. ಹಿರಿಯೂರೋರೂ ಹಂಗೇ ಹಾಕ್ತಾರೆ."

ಹಿರಿಯೂರಿನವರು ಅಂದು ಬಿಲ್ಲು ಹಾಕಿದ್ದು ನಿಜವಾದ ತಿಪ್ಪೇಸ್ವಾಮಿಗೆ. ಹೊಳಲ್ಕೆರೆಯದ್ದು ಹೆಸರೇ ಇಲ್ಲದವರಿಗೆ.

"ನೀನು ಹುಟ್ಟಿದಾಗ ನಿಮ್ಮವ್ವ ಹಿಂಗೇ ಹೆಸರಿಟ್ಟಿದ್ರೆ ಚೆನ್ನಾಗಿರ್ತಿತ್ತು" ಎಂದರು ಆಪಾ. "ಯೋಚ್ನೆ ಮಾಡು ಅಣ್ಣ. ಆ ಬಿಲ್ಲಲ್ಲಿ ಪೈಪ್ ಜೊತೆ ಎರಡು ಬರ್ನರ್ ಸ್ಟೋವೂ ಐತೆ. ಯಾರು ಒಯ್ದಿದ್ದು?"

"ಹಾಂ... ಒಬ್ರು ಎತ್ತರದ ಯಜಮಾನ್ರು. ಹೆಸ್ರು ಕೇಳಿದ್ರೆ, ದುಡ್ಡು ಕೊಟ್ಟಿನಲ್ಲಪ್ಪ, ಹೆಸ್ರೇನು ಮಾಡ್ತೀಯ ಅಂದ್ರು. ಸ್ಟೋವ್ ಹೆಗಲ ಮ್ಯಾಲೆ ಇಟ್ಕಂಡು ತಾಳ್ಯದ ಬಸ್ ಹತ್ತಿದ್ರು. ಅಷ್ಟೇ ಗೊತ್ತಿರದು."

ಆಪಾ ದುಪಟ್ಟಾ ತಲೆಗೆ ಎಳೆದುಕೊಂಡು, ಅಂಗಡಿಯ ವ್ಯಾನಿನ ಕೀಲಿ ಎತ್ತಿಕೊಂಡರು. "ಎದ್ದೇಳೆ, ಹೋಗಾಣ. ಒಬ್ಬಳೇ ಹೋಗಿ ಯಾರ್ದೋ ಮನೆ ಬಾಗ್ಲು ಬಡಿದ್ರೆ ಬಡ್ಡಿ ವಸೂಲಿಯೋಳು ಅಂದ್ಕಂತಾರೆ."

ದಾರಿಯುದ್ದಕ್ಕೂ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಬಿಸಿಲು ಇಳಿಯುತ್ತಿತ್ತು. ಒಂದು ಕಡೆ ಕುರಿಮಂದೆ ರಸ್ತೆ ದಾಟುವವರೆಗೆ ಕಾಯಬೇಕಾಯಿತು. ಆಪಾ ಸ್ಟೀರಿಂಗಿನ ಮೇಲೆ ಬೆರಳು ಕುಟ್ಟುತ್ತಿದ್ದದ್ದು ನೆನಪಿದೆ. ಇನ್ನೇನು ಕಂಡೆನೋ, ಅದೊಂದೂ ನೆನಪಿಲ್ಲ...

ತಾಳ್ಯದ ಬಸ್ ನಿಲ್ದಾಣದ ಹೋಟೆಲ್ಲಿನ ಮುಂದೆ ನಾಲ್ಕಾರು ಗಂಡಸರು ಕೂತಿದ್ದರು. ಆಪಾ ಇಳಿದವರೇ, ಯುಗಾದಿಗೆ ಸ್ಟೋವ್ ತಂದ ತಿಪ್ಪೇಸ್ವಾಮಿ ಎಂದು ಬಿಲ್ಲಾದವರು, ಎತ್ತರದವರು, ಎಂದು ಕೇಳಲು ಹೋದರು. ತಿಪ್ಪೇಸ್ವಾಮಿ ಎಂಬಲ್ಲಿಗೇ ಮಾತು ನಿಂತುಹೋಯಿತು.

"ಯಾವ ತಿಪ್ಪೇಸ್ವಾಮಿ ಬೇಕ್ರಿ ನಿಮ್ಗೆ? ಇಲ್ಲೇ ಇಬ್ರು ಕುಂತವ್ರೆ."

"ಟೈಲರ್ ತಿಪ್ಪೇಸ್ವಾಮಿನಾ, ಟ್ರ್ಯಾಕ್ಟರ್ ತಿಪ್ಪೇಸ್ವಾಮಿನಾ?"

"ಲೇ, ಸಾಲ ಕೇಳಾಕೆ ಬಂದಿದ್ರೆ ಟ್ರ್ಯಾಕ್ಟರೋನು. ಬೇರೆ ಯಾರ್ ಇರ್ತಾರೆ?"

ಎಲ್ಲರೂ ನಕ್ಕರು. ಟ್ರ್ಯಾಕ್ಟರ್ ತಿಪ್ಪೇಸ್ವಾಮಿಯೂ ನಕ್ಕರು. ನನಗೆ ಅಳು ಬರುವಂತಾಗಿತ್ತು. ಆಪಾ ಅವರನ್ನು ಬಿಟ್ಟು, ಎದುರಿನ ಜಗಲಿಯಲ್ಲಿ ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದ ಮುದುಕಿಯ ಹತ್ತಿರ ಹೋದರು. ಹೆಸರಿನ ಸುದ್ದಿಯನ್ನೇ ಎತ್ತಲಿಲ್ಲ.

"ಅಜ್ಜಿ, ಯುಗಾದಿ ಸಮಯದಲ್ಲಿ ಹೊಸ ಗ್ಯಾಸ್ ಒಲೆ ಯಾರ ಮನೆಗೆ ಬಂತು?"

ಮುದುಕಿ ಮೊರದಿಂದ ತಲೆ ಎತ್ತಲೂ ಇಲ್ಲ. "ರಂಗಪ್ಪನ ಮನಿಗೆ. ಸೊಸೆ ಬಾಣಂತಿ ಆಗ್ಯಾಳೆ, ಬಿಸ್ನೀರಿಗೆ ಅಂತ ತಂದ. ಆ ಕೊನೆ ಮನೆ, ನೀಲಿ ಬಾಗ್ಲು."

ನಾವು ಓಡಿದೆವು. ನೀಲಿ ಬಾಗಿಲಿನ ಮುಂದೆ ಎತ್ತರದ ಯಜಮಾನರು ಎಮ್ಮೆ ಕಟ್ಟಿ ಕೈ ತೊಳೆಯುತ್ತಿದ್ದರು. ಇಬ್ಬರು ಅಪರಿಚಿತ ಹೆಂಗಸರು ಏದುಸಿರು ಬಿಡುತ್ತ ಬಂದರೆ ಯಾರಾದರೂ ಏನು ಮಾಡುತ್ತಾರೆ? ಏನು, ಎತ್ತ ಎಂದು ಕೇಳುವ ಮೊದಲು ಅವರು, "ಬರ‍್ರಿ ಒಳಗೆ, ಕುಂತ್ಕಳ್ರಿ. ಕತ್ಲೆ ಐತೆ, ಇರ‍್ರಿ, ಲೈಟ್ ಹಾಕ್ತೀನಿ" ಎಂದು ಹೊಸ್ತಿಲು ದಾಟಿದರು. ಅವರ ಹಿಂದೆಯೇ ಹೊಸ್ತಿಲಲ್ಲಿ ನಿಂತ ನನ್ನ ಮೂಗಿಗೆ ಆ ನಾತ ಬಡಿಯಿತು. ಕೊಳೆತ ಈರುಳ್ಳಿಯಂಥ, ಗಂಟಲಲ್ಲಿ ಅಂಟಿಕೊಳ್ಳುವ ನಾತ.

ಬಾಣಂತಿಯ ಕೋಣೆ ಅಡುಗೆಮನೆಗೆ ಅಂಟಿಕೊಂಡಿತ್ತು. ಕೂಸಿಗೆ ಗಾಳಿ ಬಡಿಯಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಸಂದುಗಳಿಗೆ ಹಳೆಯ ಸೀರೆ ತುರುಕಿದ್ದರು. ಒಳಗಿನ ಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಹೊಸ ಒಲೆ, ಹೊಸ ಪೈಪು, ಹೊಸದರ ವಾಸನೆ ಹೀಗೇ ಇರಬೇಕು ಎಂದುಕೊಂಡಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಕ್ಷಣದಲ್ಲಿ ಕಂಡದ್ದು ಯಜಮಾನರ ಕೈ ಮಾತ್ರ. ಅದು ಗೋಡೆಯ ಮೇಲೆ ಸ್ವಿಚ್ಚನ್ನು ತಡಕುತ್ತಿತ್ತು.

ಆಪಾ ನನ್ನನ್ನು ಪಕ್ಕಕ್ಕೆ ತಳ್ಳಿ ನುಗ್ಗಿ, ಆ ಕೈಯನ್ನು ಮಣಿಕಟ್ಟಿನಲ್ಲಿ ಗಟ್ಟಿಯಾಗಿ ಹಿಡಿದರು. "ಮುಟ್ಬೇಡ್ರಿ!"

ಅದೇ ಹೊತ್ತಿಗೆ ಹಿತ್ತಲ ಬಾಗಿಲು ತೆರೆಯಿತು. ಯಜಮಾನರ ಹೆಂಡತಿ. ಕೂಸಿಗೆ ಸಂಜೆಯ ಎರೆಯುವುದು ಮುಗಿದಿತ್ತು. ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯಬೇಕು. ಹಿತ್ತಲ ನೀರೊಲೆಯಿಂದ ಕೆಂಡ ತುಂಬಿಕೊಂಡು ಬಂದಿದ್ದರು. ಹಂಚಿನ ತುಂಬ ಕೆಂಡ. ಆ ಕತ್ತಲಲ್ಲಿ ಅವರ ಗದ್ದ, ಮೂಗುತಿ, ಸೆರಗಿನ ಅಂಚು ಕೆಂಪಗೆ ಬೆಳಗುತ್ತಿತ್ತು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ...

"ನಿಲ್ರಿ ಅಲ್ಲೇ!" ಎಂದು ಆಪಾ ಕಿರುಚಿದರು.

ಅವರು ನಿಂತರು. ಕಿರುಚಿದ್ದಕ್ಕಲ್ಲ. ಯಾರೋ ಗುರುತಿಲ್ಲದ ಹೆಂಗಸು ತನ್ನ ಗಂಡನ ಕೈ ಹಿಡಿದುಕೊಂಡು ನಿಂತಿರುವುದನ್ನು ಕಂಡು ನಿಂತರು. ಇದನ್ನು ಆಮೇಲೆ ಅವರೇ ಹೇಳಿದರು.

ನಾನು ಅಲ್ಲಿಂದ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಆಪಾ ಗಂಟಲು ತಗ್ಗಿಸಿ, ಮಗುವಿಗೆ ಹೇಳುವಂತೆ, "ಅಮ್ಮ, ಹಿಂದಕ್ಕೆ ಹೋಗ್ರಿ. ಕೆಂಡದ ಮ್ಯಾಲೆ ನೀರು ಹಾಕ್ರಿ. ಗ್ಯಾಸ್ ಸೋರೈತೆ" ಎಂದರು. ಆ ಹೆಂಗಸು ಹೆಜ್ಜೆ ಹಿಂದಿಟ್ಟರು. ಹಿತ್ತಲಲ್ಲಿ ಚುಂಯ್ ಎಂದು ಕೆಂಡ ಆರಿದ ಸದ್ದು ಕೇಳುವವರೆಗೆ ಆಪಾ ಯಜಮಾನರ ಕೈ ಬಿಡಲಿಲ್ಲ. ಆಮೇಲೆ ಕತ್ತಲಲ್ಲೇ ಅಡುಗೆಮನೆಗೆ ಹೋದರು. ರೆಗ್ಯುಲೇಟರ್ ಟಕ್ ಎಂದಿತು. ಬಾಣಂತಿಯನ್ನು, ಕೂಸನ್ನು ಎಬ್ಬಿಸಿ ಹೊರಗೆ ಕಳಿಸಿದರು. ಕೂಸು ನೆಲದ ಚಾಪೆಯ ಮೇಲೆಯೇ, ಗ್ಯಾಸು ಇಳಿದು ನಿಲ್ಲುವ ಜಾಗದಲ್ಲೇ, ಮಲಗಿತ್ತು. ಕಿಟಕಿಯ ಸಂದಿನಿಂದ ಸೀರೆಗಳನ್ನು ಎಳೆದೆಸೆಯುವಾಗ ಅಂಗಳದಿಂದ ಯಜಮಾನರ ಹೆಂಡತಿ ಕೂಗುತ್ತಿದ್ದರು. "ಅಯ್ಯೋ ಕಿಟ್ಕಿ ತೆಗೀಬ್ಯಾಡ್ರಿ, ಬಾಣಂತಿ ಕ್ವಾಣೆ, ಗಾಳಿ ಸೇರ್ತದೆ!"

"ಸೇರ‍್ಲಿ ಅಮ್ಮ, ಗಾಳಿನೇ ಸೇರ‍್ಬೇಕು" ಎಂದು ಒಳಗಿನಿಂದ ಆಪಾ ಕೂಗಿದರು.

ಅಷ್ಟೇ ನಡೆದದ್ದು. ಏನೂ ಸಿಡಿಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಕೂಸು ಸೊಸೆಯ ತೋಳಿನಲ್ಲಿ ಒಂದು ಸಲ ಸೀನಿತು. ಆಗಲೇ ನಾನು ಹೊಸ್ತಿಲಿನಿಂದ ಕೆಳಗಿಳಿದದ್ದು.

ಅಂಗಳದ ಕಲ್ಲಿನ ಮೇಲೆ ಕೂತು ಆಪಾ ಒಂದು ಚೊಂಬು ನೀರನ್ನು ಒಂದೇ ಗುಟುಕಿಗೆ ಕುಡಿದರು. ನೀರು ಕುತ್ತಿಗೆಗೆಲ್ಲ ಹರಿಯಿತು. ಎಲ್ಲವನ್ನೂ ವಿವರಿಸಿದ ಮೇಲೆ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ.

"ಎಲ್ಲಾ ಸರಿ ಕಣ್ರಿ. ನನ್ನ ತಿಪ್ಪೇಸ್ವಾಮಿ ಮಾಡಿದ್ದು ಯಾರು?"

"ನೀವೇ ಹೆಸ್ರು ಹೇಳ್ಲಿಲ್ಲವಂತೆ."

"ಪೈಪಿಗೆಲ್ಲ ಯಾಕ್ರಿ ಹೆಸ್ರು?" ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು, "ಕೈ ಅಂತೂ ಗಟ್ಟಿ ಹಿಡ್ದಿದ್ಲು ನೋಡು. ನಾನು ಮದ್ವೇಲೂ ಹಂಗೆ ಹಿಡ್ದಿರ್ಲಿಲ್ಲ" ಎಂದರು. ನಾವು ನಕ್ಕೆವು. ಬಹಳ ಹೊತ್ತು ನಕ್ಕೆವು, ನಿಲ್ಲಿಸಲಾಗದೆ.

ವಾಪಸ್ ಬರುವಾಗ ದುರ್ಗದ ದೀಪಗಳು ಕಂಡಾಗ ಆಪಾ ವ್ಯಾನಿನ ವೇಗ ಇಳಿಸಿದರು. ಆಮೇಲೆ, "ನಾಲ್ಕೂ ನಾನೇ ಕಟ್ಟಿದ್ದು. ಯಾರು ಯಾವ ಮನೆಯೋರು ಅಂತ ಬರ‍್ಕಳಾಕೆ ಒಂದು ಜಾಗ ಇಡ್ಲಿಲ್ಲ ನೋಡು" ಎಂದರು. ನನಗೆ ಹೇಳಿದ್ದೋ, ತಮಗೆ ತಾವೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ.

ಮರುದಿನ ನಾಲ್ಕೂ ಡೇಟಾಬೇಸಿನ ಎಲ್ಲ ಟೇಬಲ್ಲುಗಳಿಗೂ ಅಂಗಡಿ ಎಂಬ ಒಂದು ಅಂಕಣ ಸೇರಿಸಿದರು. ತಿಪ್ಪೇಸ್ವಾಮಿ ಎಂದು ಹಾಕಿದರೆ, ನಿಜವಾಗಿಯೂ ತಿಪ್ಪೇಸ್ವಾಮಿಯೇ ಎಂದು ಕಂಪ್ಯೂಟರು ಎರಡು ಸಲ ಕೇಳುವ ಹಾಗೆ ಮಾಡಿದರು. ಹೆಸರು ಹೇಳದವರಿಗೆ ಕಂಡದ್ದನ್ನು ಬರೆಯಿರಿ ಎಂದು ಶಾಖೆಗಳಿಗೆ ತಾಕೀತಾಯಿತು. ಆಮೇಲಿನ ಬಿಲ್ಲುಗಳನ್ನು ಓದುವುದೇ ಒಂದು ಮೋಜು. ಹಸಿರು ಪೇಟ, ಇಬ್ಬರು ಮಕ್ಕಳು, ಭರಮಸಾಗರದ ಬಸ್ಸು. ಜೋರು ಚೌಕಾಸಿ ಮಾಡುವ ಅಮ್ಮ. ಕಿವಿ ಕೇಳಿಸದ ಯಜಮಾನರು, ಗುಡಿ ಹಿಂದಿನ ಮನೆ. ಮಾಲೀಕರು ತಲೆ ಚಚ್ಚಿಕೊಳ್ಳುತ್ತಿದ್ದರು, ಆಪಾ ಗಂಭೀರವಾಗಿ, "ಸಿಗ್ತಾರಲ್ಲ" ಎನ್ನುತ್ತಿದ್ದರು.

ಹೊಸದುರ್ಗದ ಆ ಮನೆಗೆ, ಕೈ ಸುಟ್ಟುಕೊಂಡವರ ಮನೆಗೆ, ಅವರು ಬಹಳ ದಿನ ಹೋಗಿ ಬರುತ್ತಿದ್ದರು. ಅಲ್ಲಿ ಏನು ಮಾತಾಡುತ್ತಿದ್ದರು ಎಂದು ನಾನು ಕೇಳಲಿಲ್ಲ. ಹೋಗಿ ಬಂದ ದಿನ ಅವರು ನನ್ನನ್ನು ರೇಗಿಸುತ್ತಿರಲಿಲ್ಲ.

ನಾನು ಆಮೇಲೆ ಮದುವೆಯಾಗಿ ದಾವಣಗೆರೆಗೆ ಬಂದೆ. ಇಲ್ಲೊಂದು ಆಫೀಸಿನಲ್ಲಿ ಕೆಲಸ. ಇಲ್ಲೂ ಹಲವು ಶಾಖೆಗಳು, ಒಂದೇ ರಚನೆಯ ಹಲವು ಡೇಟಾಬೇಸುಗಳು. ಪಟ್ಟಿ ಕೂಡಿಸುವ ಮುನ್ನ ಪ್ರತಿ ಸಾಲಿಗೂ ಊರಿನ ಹೆಸರು ಅಂಟಿಸಿ, ಪ್ರತಿ ಊರಿನ ಮೊತ್ತವನ್ನು ಬೇರೆ ಬೇರೆ ತಾಳೆ ನೋಡುತ್ತೇನೆ. ತಡವಾಗುತ್ತದೆ ಎಂದು ಜೊತೆಯವರು ಗೊಣಗುತ್ತಾರೆ. ಕಾರಣ ಹೇಳಲು ಹೋದರೆ ಕೆಂಡದ ಹಂಚು ಕಣ್ಣ ಮುಂದೆ ಬರುತ್ತದೆ. ಈಗಲೂ, ನಿದ್ದೆ ಬರುವ ಮುಂಚೆ, ಆ ಹೆಂಗಸಿನ ಹೊಸ್ತಿಲಾಚೆಯ ಕಾಲು ಒಳಗೆ ಬಂದುಬಿಡುತ್ತದೆ. ನಿಜದಲ್ಲಿ ಬರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ...

ಹೋದ ಮಳೆಗಾಲದಲ್ಲಿ ಆಪಾ ತೀರಿಕೊಂಡರು. ಕಾಯಿಲೆ ಎಂದು ಗೊತ್ತಿತ್ತು, ಅಷ್ಟು ಬೇಗ ಎಂದು ಗೊತ್ತಿರಲಿಲ್ಲ. ನನಗೆ ಸುದ್ದಿ ತಲುಪುವಾಗ ಎಲ್ಲ ಮುಗಿದಿತ್ತು. ಅಂಗಡಿಗೆ ಹೋದೆ. ಮಾಲೀಕರು ಮುದುಕರಂತೆ ಕಂಡರು. ಈಗ ನಾಲ್ಕು ಅಂಗಡಿಗೂ ಸೇರಿ ಒಂದೇ ಹೊಸ ಪ್ರೋಗ್ರಾಂ ಬಂದಿದೆ, ಹೊರಗಿನವರು ಹಾಕಿಕೊಟ್ಟದ್ದು. ಆಪಾ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಅವರು ಎದ್ದು ನನಗೆ ಜಾಗ ಕೊಟ್ಟರು. ನಾನು ಕೂರಲಿಲ್ಲ.

ಪೈಪು ಬದಲಾಯಿಸಿದ ಮೇಲಿನ ಭಾನುವಾರ, ಯಾಕೋ ತಡೆಯಲಾಗದೆ, ಬಸ್ಸು ಹತ್ತಿ ತಾಳ್ಯಕ್ಕೆ ಹೋದೆ. ಬಾಗಿಲಿಗೆ ಈಗ ಹಸಿರು ಬಣ್ಣ ಬಂದಿದೆ. ಯಜಮಾನರು ಊರಲ್ಲಿರಲಿಲ್ಲ. ಅವರ ಹೆಂಡತಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, ಗುರುತು ಹಿಡಿದರು. ಅಂದಿನ ಕೂಸು, ಈಗ ಸ್ಕೂಲಿಗೆ ಹೋಗುವ ಹುಡುಗಿ, ನೀರ ಲೋಟ ತಂದುಕೊಟ್ಟು ಓಡಿಹೋದಳು.

"ಒಬ್ಳೇ ಬಂದ್ಯೇನವ್ವ? ನನ್ ಗಂಡನ ಕೈ ಹಿಡ್ದೋಳು ಬರ್ಲಿಲ್ವಾ?" ಎಂದು ನಕ್ಕರು.

ಹೇಳಿದೆ. ಅವರ ನಗು ಅಲ್ಲೇ ನಿಂತಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು. ಒಳಗೆ ಮಿಕ್ಸಿ ತಿರುಗುವ ಸದ್ದು ನಿಂತಿತು, ಸೊಸೆಯೂ ಬಂದು ಬಾಗಿಲಲ್ಲಿ ನಿಂತಳು.

"ಅಯ್ಯೋ... ಅವುರ ಹೆಸ್ರೇನವ್ವ? ಅವತ್ತು ಕೇಳ್ಲೇ ಇಲ್ಲ ನಾವು."

ಆಪಾ ಹೆಸರು ಹೇಳಿದೆ. ಬಹಳ ವರ್ಷಗಳ ನಂತರ ನನ್ನ ಬಾಯಲ್ಲಿ ಆ ಹೆಸರು ಬಂತು. ಆ ಹೆಂಗಸಿನ ನಾಲಿಗೆಗೆ ಅದು ಒಂದೇ ಸಲಕ್ಕೆ ಹೊರಳಲಿಲ್ಲ. "ಇನ್ನೊಂದ್ಸಲ ಹೇಳು" ಎಂದರು. ಹೇಳಿದೆ. ಅವರು ನಿಧಾನವಾಗಿ, ಅಕ್ಷರ ಅಕ್ಷರವಾಗಿ ಹೇಳಿ ನೋಡಿ, ಸರಿಯಾಯಿತೇ ಎಂದು ನನ್ನ ಮುಖ ನೋಡಿದರು.